ಉಬ್ಬಸದ ಮಗುವಿಗೆ ಗುಳಿಗೆಯೋ, ಉಸಿರಿನ ಮದ್ದೋ?

ಉಬ್ಬಸದಿಂದ ನರಳುವ ಮಗುವುಳ್ಳ ಮನೆಯ ಸಂಕಟವನ್ನು ಅನುಭವಿಸಿದವರೇ ಬಲ್ಲರು. ರಾತ್ರಿಯೆಲ್ಲ ಏದುಸಿರು, ಬೆಳಗಾದರೆ ಶಾಲೆಗೆ ರಜೆ. ಇಂತಹ ಮನೆಯೊಳಕ್ಕೆ ಜೀವಸತ್ವದ ಗುಳಿಗೆಗಳೂ ಮೀನೆಣ್ಣೆಯೂ ಸುಲಭವಾಗಿ ಪ್ರವೇಶಿಸುತ್ತವೆ. ಅದರಲ್ಲಿ ಅಚ್ಚರಿಯಿಲ್ಲ. ಆದರೆ ಅವು ಬಂದೊಡನೆ ಇನ್ಹೇಲರು ಮೂಲೆಗೆ ಸೇರುವುದು ಅಪಾಯಕರ.

ಜೀವಸತ್ವದ ಮೇಲಣ ಈ ಭರವಸೆ ನಿರಾಧಾರವಾಗಿ ಹುಟ್ಟಿದುದಲ್ಲ. ಜಪಾನಿನಲ್ಲಿ ಶಾಲಾ ಮಕ್ಕಳಿಗೆ ಚಳಿಗಾಲದಲ್ಲಿ ದಿನಕ್ಕೆ ೧೨೦೦ ಯೂನಿಟ್ ‘ಡಿ’ ಜೀವಸತ್ವವನ್ನು ಕೊಟ್ಟು ನಡೆಸಿದ ಪ್ರಯೋಗವೊಂದು ೨೦೧೦ರಲ್ಲಿ ಪ್ರಕಟವಾಯಿತು. ಅದರ ಮುಖ್ಯೋದ್ದೇಶ ಇನ್‌ಫ್ಲುಯೆಂಜಾ ಜ್ವರದ ಪರೀಕ್ಷೆ. ಆದರೆ ಮೊದಲೇ ಉಬ್ಬಸವಿದ್ದ ಮಕ್ಕಳಲ್ಲಿ ಜೀವಸತ್ವ ಪಡೆದವರ ಪೈಕಿ ಇಬ್ಬರಿಗೂ, ಹುಸಿಗುಳಿಗೆ ಪಡೆದವರ ಪೈಕಿ ಹನ್ನೆರಡು ಮಂದಿಗೂ ಉಬ್ಬಸ ಕೆರಳಿತು. ಇದನ್ನು ಕಂಡು ಯಾರಿಗೆ ತಾನೆ ಆಸೆ ಮೂಡದು?

ವಿಜ್ಞಾನವು ಆಸೆಯನ್ನೂ ಒರೆಗೆ ಹಚ್ಚುತ್ತದೆ. ಉಬ್ಬಸವನ್ನೇ ಗುರಿಯಾಗಿಟ್ಟುಕೊಂಡು ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ ೨೦೨೦ರಲ್ಲಿ ಹೊರಬಂದಿತು. ಆರರಿಂದ ಹದಿನಾರು ವಯಸ್ಸಿನ, ರಕ್ತದಲ್ಲಿ ‘ಡಿ’ ಜೀವಸತ್ವ ಕಡಮೆಯಿದ್ದ ೧೯೨ ಮಕ್ಕಳು ಅದರಲ್ಲಿದ್ದರು. ಅರ್ಧದಷ್ಟು ಮಂದಿಗೆ ದಿನಕ್ಕೆ ೪೦೦೦ ಯೂನಿಟ್ ಜೀವಸತ್ವ, ಉಳಿದವರಿಗೆ ಹುಸಿಗುಳಿಗೆ. ಉಸಿರಿನ ಮೂಲಕ ಸೇವಿಸುವ ಮದ್ದು ಎರಡು ಗುಂಪಿಗೂ ಇತ್ತು. ಜೀವಸತ್ವ ಪಡೆದ ೯೬ ಮಕ್ಕಳಲ್ಲಿ ೩೬ ಮಂದಿಗೂ, ಪಡೆಯದ ೯೬ ಮಕ್ಕಳಲ್ಲಿ ೩೩ ಮಂದಿಗೂ ಉಬ್ಬಸ ತೀವ್ರವಾಗಿ ಕೆರಳಿತು! ಪ್ರಯೋಜನ ಕಾಣುವ ಸಂಭವವಿಲ್ಲವೆಂದು ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಮೀಕ್ಷೆಯು ೨೦೧೬ರಲ್ಲಿ ‘ಡಿ’ ಜೀವಸತ್ವದ ಪರವಾಗಿದ್ದಿತು. ಹೊಸ ಪ್ರಯೋಗಗಳು ಸೇರಿದ ಮೇಲೆ, ೨೦೨೩ರಲ್ಲಿ, ಆ ತೀರ್ಮಾನವನ್ನು ಕೈಬಿಟ್ಟಿತು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಉಬ್ಬಸದಲ್ಲಿ ಶ್ವಾಸನಾಳಗಳ ಒಳಪೊರೆ ಉರಿಯೂತದಿಂದ ಊದಿರುತ್ತದೆ. ಧೂಳು, ಹೊಗೆ ಅಥವಾ ನೆಗಡಿ ಸೋಕಿದೊಡನೆ ಸುತ್ತಣ ಸ್ನಾಯುಗಳು ಬಿಗಿದು ಗಾಳಿಯ ದಾರಿ ಕಿರಿದಾಗುತ್ತದೆ. ಇನ್ಹೇಲರಿನ ಸ್ಟೀರಾಯ್ಡ್ ನೇರವಾಗಿ ಆ ಪೊರೆಗೆ ತಲಪಿ ಉರಿಯೂತವನ್ನು ತಗ್ಗಿಸುತ್ತದೆ. ಅದರಿಂದ ಮಗುವಿನ ಎತ್ತರ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಮೆಯಾಗಬಹುದೆಂಬುದು ನಿಜ. ಆದರೆ ಉಸಿರುಕಟ್ಟುವ ಅಪಾಯದ ಮುಂದೆ ಅದು ಅಲ್ಪವಲ್ಲವೆ?

ಜೀವಸತ್ವದ ಕೊರತೆಯಿದ್ದ ಮಗುವಿಗೆ ಮೂಳೆಗಳ ಬಲಕ್ಕಾಗಿ ಅದನ್ನು ವೈದ್ಯರು ಕೊಡಲಿ. ಅದು ಬೇರೆಯ ಮಾತು. ಮಿತಿಮೀರಿದರೆ ಅದೇ ರಕ್ತದಲ್ಲಿ ಸುಣ್ಣದಂಶವನ್ನು ಹೆಚ್ಚಿಸಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಉಬ್ಬಸಕ್ಕೆಂದು ಮಾತ್ರ ಗುಳಿಗೆ ಕೊಳ್ಳಹೊರಟ ತಂದೆತಾಯಿಗಳು ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಮಗು ದಿನವೂ ತಪ್ಪದೆ ಉಸಿರಿನ ಮದ್ದನ್ನು ಸೇವಿಸುತ್ತಿದೆಯೆ? ಸೇವಿಸುವ ಕ್ರಮ ಸರಿಯಾಗಿದೆಯೆ? ಈ ಎರಡಕ್ಕೂ ಹೌದೆಂಬ ಉತ್ತರವಿಲ್ಲದ ಮನೆಯಲ್ಲಿ ಗುಳಿಗೆಗೆ ತೆತ್ತ ಹಣವೂ ವ್ಯರ್ಥ, ಕಳೆದ ಕಾಲವೂ ವ್ಯರ್ಥ.