ಮನೆಯಂಗಳದ ಮರ: ಅನುಮತಿ ಮತ್ತು ಬೆಲೆ

ತುಮಕೂರು ನಗರವು ಅಂಚಿನ ಹಳ್ಳಿಗಳನ್ನು ಒಂದೊಂದಾಗಿ ತನ್ನೊಳಗೆ ಸೇರಿಸಿಕೊಳ್ಳುತ್ತಾ ಬೆಳೆದಿದೆ. ಕೈಗಾರಿಕಾ ಪ್ರದೇಶದ ಹೆಸರಿನಿಂದಲೇ ಇಂದು ಹೆಚ್ಚು ಪರಿಚಿತವಾಗಿರುವ ಸತ್ಯಮಂಗಲವೂ ಅಂತಹ ಊರುಗಳಲ್ಲೊಂದು. ಹೊಲದ ಬದುಗಳು ನಿವೇಶನಗಳಾಗುವ ಇಂತಹ ಊರುಗಳಲ್ಲಿ ಬದುವಿನ ಬೇವು, ಹೊಂಗೆ, ಹುಣಸೆಗಳು ಕಾಂಪೌಂಡ್ ಗೋಡೆಗೆ ಒತ್ತಿಕೊಂಡು, ವಿದ್ಯುತ್ ತಂತಿಯ ಕೆಳಗೆ ನಿಲ್ಲಬೇಕಾಗುತ್ತದೆ. ಮನೆ ಕಟ್ಟುವವನಿಗೆ ಮೊದಲು ಕಾಣುವ ಅಡ್ಡಿಯೇ ಮರ.

‘ಜಾಗ ನನ್ನದು, ಮರವೂ ನನ್ನದು, ಕಡಿಯಲು ಯಾರ ಅಪ್ಪಣೆ ಬೇಕು?’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಉತ್ತರ ಬೇರೆಯೇ ಇದೆ. ಖಾಸಗಿ ಜಮೀನಿನ ಮರವನ್ನು ಕಡಿಯಬೇಕಾದರೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಅಗತ್ಯ. ಕಡಿಯುವುದೆಂದರೆ ಕೊಡಲಿ ಹಾಕುವುದಷ್ಟೇ ಅಲ್ಲ. ಬೇರುಸಹಿತ ಕೀಳುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು, ಕೊಂಬೆಗಳನ್ನು ಸವರುವುದು, ಬುಡಕ್ಕೆ ವಿಷ ಹಾಕುವುದು, ಸುಡುವುದು ಇವೆಲ್ಲವೂ ಕಾಯ್ದೆಯ ದೃಷ್ಟಿಯಲ್ಲಿ ಕಡಿಯುವುದೇ. ರಾತ್ರೋರಾತ್ರಿ ಬುಡಕ್ಕೆ ಆಸಿಡ್ ಸುರಿದು ‘ಮರ ತಾನಾಗಿಯೇ ಒಣಗಿತು’ ಎನ್ನುವವರು ಈ ಮಾತನ್ನು ತಿಳಿದಿರಬೇಕು. ತಪ್ಪಿತಸ್ಥರಿಗೆ ಸೆರೆವಾಸ, ದಂಡ ಎರಡಕ್ಕೂ ಅವಕಾಶವಿದೆ.

ಹಾಗೆಂದು ಕಾಯ್ದೆಯು ಮನೆಯವರ ಕಷ್ಟಕ್ಕೆ ಕಣ್ಣು ಮುಚ್ಚಿಲ್ಲ. ಒಣಗಿದ, ರೋಗ ತಗುಲಿದ, ಗಾಳಿಗೆ ಉರುಳಿದ ಮರಗಳಿಗೆ ಮತ್ತು ಜೀವಕ್ಕೋ ಆಸ್ತಿಗೋ ಅಪಾಯ ಒಡ್ಡುವ ಮರಗಳಿಗೆ ಅನುಮತಿ ನಿರಾಕರಿಸಬಾರದೆಂದು ಅದೇ ಹೇಳುತ್ತದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ ಮೊದಲಾದವುಗಳಿಗೆ ಅನುಮತಿಯೇ ಬೇಕಿಲ್ಲ. ಶ್ರೀಗಂಧದ ಮಾತು ಬೇರೆ: 2001ರ ತಿದ್ದುಪಡಿಯಿಂದ ಅದರ ಒಡೆತನ ಜಮೀನಿನವನಿಗೆ ದೊರೆತರೂ ಕಡಿಯುವ ಸ್ವಾತಂತ್ರ್ಯ ದೊರೆತಿಲ್ಲ. ಅನುಮತಿ ಪಡೆದವನು ಅಧಿಕಾರಿ ಸೂಚಿಸಿದಷ್ಟು ಸಸಿಗಳನ್ನು ನೆಟ್ಟು ಬೆಳೆಸುವ ಹೊಣೆಯನ್ನೂ ಹೊರುತ್ತಾನೆ. ನಾಟಾವನ್ನು ಹೊರಗೆ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕಾದೀತು. ಅದನ್ನೂ ಮೊದಲೇ ವಿಚಾರಿಸುವುದು ಲೇಸು.

ಇನ್ನು ಖರ್ಚಿನ ವಿಚಾರ. ಬಯಲಿನ ಮರವನ್ನು ಬೀಳಿಸುವುದು ಸುಲಭ. ಎರಡು ಮನೆಗಳ ನಡುವಿನ ಮರವನ್ನು ತುದಿಯಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸಬೇಕು. ಮರ ಹತ್ತುವ ನುರಿತವರ ಕೂಲಿ, ಯಂತ್ರಗರಗಸ, ಕೆಲವೊಮ್ಮೆ ಕ್ರೇನ್, ತಂತಿಯಿದ್ದರೆ ಬೆಸ್ಕಾಂನಿಂದ ವಿದ್ಯುತ್ ನಿಲುಗಡೆ, ಬೊಡ್ಡೆ ತೆಗೆಸುವುದು, ಸೊಪ್ಪುಸದೆ ಸಾಗಿಸುವುದು ಎಲ್ಲ ಸೇರಿ ಬಡ ಕುಟುಂಬಕ್ಕೆ ಹೊರೆಯಾಗುತ್ತದೆ. ‘ಕಾಸು ಬೇಡ, ಮರ ಕೊಟ್ಟರೆ ಸಾಕು’ ಎಂದು ಬರುವ ವ್ಯಾಪಾರಿಗೆ ಬೆಲೆಬಾಳುವ ದಿಮ್ಮಿ ಹೋಗುತ್ತದೆ. ಅನುಮತಿ ಇಲ್ಲದಿದ್ದರೆ ಮೊಕದ್ದಮೆ ಮಾತ್ರ ಮನೆಯವನ ಪಾಲಿಗೆ ಉಳಿಯುತ್ತದೆ.

ಅನ್ಯಾಯ ಇರುವುದು ಇಲ್ಲಿಯೇ. ಹತ್ತಾರು ಮರಗಳನ್ನು ಉರುಳಿಸಿ ಬಡಾವಣೆ ಮಾಡುವವನಿಗೆ ದಂಡವೂ ವ್ಯವಹಾರದ ಒಂದು ಖರ್ಚು. ಹೆಂಚಿನ ಮನೆಯ ಮೇಲೆ ವಾಲಿದ ಒಣಮರದ ಕೆಳಗೆ ಮಲಗುವ ವಿಧವೆಗೆ ಅರ್ಜಿಯೂ ಕಷ್ಟ, ಕೂಲಿಯೂ ಕಷ್ಟ. ಕಾಯ್ದೆ ಇಬ್ಬರಿಗೂ ಒಂದೇ ಆದರೂ ಅದರ ಭಾರ ಒಂದೇ ಅಲ್ಲ. ಅಪಾಯದ ಮರಗಳನ್ನು ಮುಂಗಾರಿನ ಪೂರ್ವದಲ್ಲಿಯೇ ಗುರುತಿಸಿ, ಅಶಕ್ತ ಕುಟುಂಬಗಳ ಪಾಲಿನ ವೆಚ್ಚವನ್ನು ಸ್ಥಳೀಯ ಸಂಸ್ಥೆಗಳೇ ವಹಿಸಬೇಕು. ಅರ್ಜಿಯ ಕ್ರಮ ಮತ್ತು ಶುಲ್ಕವನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.

ಕಡಿಯುವ ಖರ್ಚನ್ನು ಎಣಿಸುವವರು ಕಳೆದುಕೊಳ್ಳುವುದನ್ನೂ ಎಣಿಸಬೇಕು. ಸುಪ್ರೀಂ ಕೋರ್ಟ್ ನೇಮಿಸಿದ್ದ ತಜ್ಞರ ಸಮಿತಿಯು ಒಂದು ಮರದ ಬೆಲೆಯನ್ನು ವರ್ಷಕ್ಕೆ 74,500 ರೂಪಾಯಿ ಎಂದು ಅಂದಾಜಿಸಿದ್ದು 2021ರಲ್ಲಿ ಬೆಳಕಿಗೆ ಬಂತು. ಈ ಲೆಕ್ಕ ಚರ್ಚಾಸ್ಪದವೇ ಇರಬಹುದು. ಆದರೆ ಸೌದೆಯ ತೂಕದಲ್ಲಿ ಮರವನ್ನು ಅಳೆಯುವ ರೂಢಿಯನ್ನು ಅದು ಪ್ರಶ್ನಿಸಿತು. ಎಷ್ಟೋ ಸಲ ಕಡಿಯುವ ಅಗತ್ಯವೇ ಇರುವುದಿಲ್ಲ. ಒಣಕೊಂಬೆಯನ್ನು ಅನುಮತಿ ಪಡೆದು ಸವರಿದರೆ, ಗೋಡೆಯನ್ನು ಎರಡಡಿ ಒಳಗೆ ಸರಿಸಿದರೆ, ಬುಡದ ಕಾಂಕ್ರೀಟ್ ಒಡೆದು ತೆಗೆದರೆ ಮರ ಉಳಿಯುತ್ತದೆ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಆ ವಿವೇಕ ತುಮಕೂರಿಗೂ ಸಲ್ಲುತ್ತದೆ.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಹುಲಿಕಲ್ ಮತ್ತು ಕುದೂರಿನ ನಡುವೆ 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಕೊಡದಲ್ಲಿ ನೀರು ಹೊತ್ತು ಸಾಕಿದ ಆ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಭೀತಿ ಎದುರಾಗಿತ್ತು. ಅವುಗಳನ್ನು ಉಳಿಸಿಕೊಡಿ ಎಂದು ಆಕೆ ಸರ್ಕಾರದ ಬಾಗಿಲು ತಟ್ಟಬೇಕಾಯಿತು. ನೆಟ್ಟವರಿಗೇ ಕಾಯುವ ಕೆಲಸವೂ ತಪ್ಪಲಿಲ್ಲ. ಶಿಂಷಾ, ಜಯಮಂಗಲಿ ನದಿಗಳು ಹುಟ್ಟುವ ದೇವರಾಯನದುರ್ಗದ ಸೆರಗಿನ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳು ತಮ್ಮ ಬೀದಿಯ ಮರಗಳ ಜಾತಿ, ಸುತ್ತಳತೆ, ಆರೋಗ್ಯವನ್ನು ಬರೆದಿಡಲಿ. ಹಿರಿಯರು ಗರಗಸದವನನ್ನು ಕರೆಯುವ ಮುನ್ನ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಒಂದು ಅರ್ಜಿ ಕೊಡಲಿ.