ಮೇಲೆ ಥಳುಕು, ಕೆಳಗೆ ಒದ್ದೆ

ನಾವು ಫಸ್ಟ್ ಇಯರ್‌ನಲ್ಲಿದ್ದಾಗ, ಫೆಬ್ರವರಿಯಲ್ಲಿ, ನಮ್ಮ ಕ್ಲಬ್ ರೂಮಿಗೆ ಕಾರ್ಪೆಟ್ ಬಂತು. ಯಾವ ಬಣ್ಣ ಅಂತ ಒಂದು ವಾರ ಚರ್ಚೆ, ವಾಟ್ಸಾಪ್‌ನಲ್ಲಿ ಪೋಲ್, ಕೊನೆಗೆ ಕಡುಗೆಂಪು ಗೆದ್ದಿತು. ಅದರ ಕೆಳಗೆ ಏನು ಹಾಕುತ್ತಾರೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಇಂಜಿನಿಯರಿಂಗ್ ಓದುವ ನಾವೇ ಕೇಳಲಿಲ್ಲ!

ಕಾರ್ಪೆಟ್‌ಗೂ ನೆಲಕ್ಕೂ ನಡುವೆ ಹಾಕುವ ಪದರಕ್ಕೆ ಅಂಡರ್‌ಲೇ ಅಂತಾರೆ. ಕಾಲಿಗೆ ಮೆತ್ತಗೆ ಅನ್ನಿಸೋದು, ಸದ್ದು ತಗ್ಗೋದು, ಕಾರ್ಪೆಟ್ ಬೇಗ ಸವೆಯದೆ ಇರೋದು ಬಹುಪಾಲು ಇದರಿಂದಲೇ. ನಮಗೆ ಸಿಕ್ಕಿದ್ದು ದಪ್ಪನೆಯ ಫೋಮ್. ಹಾಸಿಗೆ ಥರ ಇದೆ ಅಂತ ಕುಣಿದಾಡಿದೆವು.

ಯುಗಾದಿ ಕಾರ್ಯಕ್ರಮದ ದಿನ ಪಾನಕದ ಪಾತ್ರೆ ಉರುಳಿತು. ಟಿಶ್ಯೂ ಹಿಡಿದು ಗಸಗಸ ಉಜ್ಜಿದೆವು. ಕಲೆ ಹೋಗಲಿಲ್ಲ, ಅದರ ಮೇಲೆ ಮೇಜು ಎಳೆದೆವು. ಕಥೆ ಮುಗೀತು ಅಂದ್ಕೊಂಡ್ವಿ. ಜೂನ್‌ನಲ್ಲಿ ಕರಾವಳಿಯ ಮಳೆ ಶುರುವಾದ ಮೇಲೆ ರೂಮಿನಲ್ಲಿ ಮುಗ್ಗಲು ವಾಸನೆ. ನಾಟಕದ ತಂಡದ ಗೆಳತಿಯೊಬ್ಬಳಿಗೆ ಆಸ್ತಮಾ ಇದೆ. ಅವಳು ರಿಹರ್ಸಲ್‌ಗೆ ಬರೋದು ನಿಲ್ಲಿಸಿದಳು. ಕೇಳಿದರೆ "ಬ್ಯುಸಿ" ಅಂದಳು. ನಾವೂ ನಂಬಿದೆವು. ಆಗಸ್ಟ್‌ನಲ್ಲಿ ಮೇಜು ಸರಿಸಿ ಕಾರ್ಪೆಟ್ ಎತ್ತಿದಾಗ ಫೋಮ್ ತುಂಬಾ ಕಪ್ಪು ಬೂಷ್ಟು.

ತಪ್ಪು ಎಲ್ಲಿ ಆಯ್ತು? ನೀರು ಎರಡು ಕಡೆಯಿಂದ ಬರುತ್ತೆ. ಚೆಲ್ಲಿದ್ದು ಮೇಲಿನಿಂದ ಇಳಿಯುತ್ತೆ. ನೆಲಮಹಡಿಯಲ್ಲಿ ಮಣ್ಣಿನ ತೇವ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಕೆಳಗಿನಿಂದ ಏರುತ್ತೆ. ಸಾಧಾರಣ ಫೋಮ್ ಎರಡನ್ನೂ ಸ್ಪಂಜಿನಂತೆ ಹೀರಿಕೊಳ್ಳುತ್ತೆ. ಮೇಲ್ಗಡೆ ನೀರು ತಡೆಯುವ ಪೊರೆ ಇರುವ ಫೋಮ್ ಸಿಗುತ್ತೆ. ಚೆಲ್ಲಿದ್ದು ಒಳಗಿಳಿಯದಂತೆ ಅದು ಕಾಯುತ್ತೆ. ಆದರೆ ಕೆಳಗಿನ ತೇವಕ್ಕೆ ಅದು ಔಷಧಿ ಅಲ್ಲ.

ಆದ್ದರಿಂದ ಮೊದಲು ನೆಲ ನೋಡಿ. ಸಿವಿಲ್ ಗೆಳೆಯರು ಹೇಳಿದ ಸುಲಭ ಪರೀಕ್ಷೆ ಇದೆ: 18 ಇಂಚು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟ್ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಕೆಳಗೆ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಇದೆ ಅಂತ ಅರ್ಥ. ಇದನ್ನು ಮಳೆಗಾಲದಲ್ಲೇ ಮಾಡಿ. ಫೆಬ್ರವರಿಯ ನೆಲ ನೋಡಿ ಜುಲೈನ ನೆಲವನ್ನು ನಂಬಬೇಡಿ.

ಇನ್ನೊಂದು, ದಪ್ಪ ಇದ್ದಷ್ಟೂ ಒಳ್ಳೇದು ಅನ್ನೋದು ಸುಳ್ಳು. ತೀರಾ ಮೆತ್ತಗಿದ್ದರೆ ಪ್ರತಿ ಹೆಜ್ಜೆಗೂ ಕಾರ್ಪೆಟ್ ಕುಸಿದು ಜೋಡಣೆಗಳು ಬಿಡುತ್ತವೆ. ಸುಮಾರು 11 ಮಿಲಿಮೀಟರ್ ದಾಟಬಾರದು. ಹೆಬ್ಬೆರಳಿನಿಂದ ಒತ್ತಿ ನೋಡಿ. ಸಲೀಸಾಗಿ ತಳ ಮುಟ್ಟಿದರೆ ಬೇಡ. ಸಾಂದ್ರತೆ ಮುಖ್ಯ, ದಪ್ಪ ಅಲ್ಲ.

ಚೆಲ್ಲಿದರೆ? ಉಜ್ಜಬೇಡಿ. ಒಣ ಹತ್ತಿ ಬಟ್ಟೆಯನ್ನು ಅಂಚಿನಿಂದ ನಡುವಿಗೆ ಒತ್ತುತ್ತಾ ಹೀರಿಸಿ. ಅಂಡರ್‌ಲೇವರೆಗೆ ಇಳಿದಿದ್ದರೆ ಮೂಲೆ ಎತ್ತಿ ಫ್ಯಾನ್ ಹಾಕಿ. 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯೋದು ಶುರುವಾಗುತ್ತೆ. ಎಲ್ಲಕ್ಕಿಂತ ಮೊದಲು, ಚೆಲ್ಲಿದೆ ಅಂತ ಹೇಳಿ. ನಾವು ಹೇಳಿದ್ದರೆ ಆ ದಿನವೇ ಮುಗಿಯುತ್ತಿತ್ತು.

ಹಾಗಾದರೆ ಕಾರ್ಪೆಟ್ಟೇ ಬೇಡವಾ? ಮೇಲಿನ ಮಹಡಿಯ ಒಣ ರೂಮಿಗೆ ಧಾರಾಳವಾಗಿ ಹಾಕಿ. ಅದಿಲ್ಲದಿದ್ದರೆ ರಿಹರ್ಸಲ್‌ನಲ್ಲಿ ಮಾತು ಪ್ರತಿಧ್ವನಿಸುತ್ತೆ, ಒಪ್ಪುತ್ತೇವೆ. ಆದರೆ ತೇವ ಏರುವ ನೆಲಮಹಡಿಗೆ ಗೋಡೆಯಿಂದ ಗೋಡೆಗೆ ಅಂಟಿಸೋದು ಬೇಡ ಅನ್ನೋದೇ ನಮ್ಮ ಅಭಿಪ್ರಾಯ. ಅಲ್ಲಿಗೆ ನಮ್ಮ ನವಲಗುಂದದ ಜಮಖಾನದಂಥದ್ದು ಸಾಕು. ಸುತ್ತಿ ಎತ್ತಬಹುದು, ಬಿಸಿಲಿಗೆ ಹಾಕಬಹುದು, ಕೆಳಗೆ ಏನಾಗ್ತಿದೆ ಅಂತ ದಿನಾ ನೋಡಬಹುದು.

ನಾವೂ ಈಗ ಕಾರ್ಪೆಟ್ ಕಿತ್ತು ನೆಲ ತೊಳೆದು ಒಣಗಿಸಿ ಜಮಖಾನ ಹಾಸಿದ್ದೇವೆ. ಗೆಳತಿಯ ಹತ್ತಿರ ಕ್ಷಮೆ ಕೇಳಿದೆವು. ಮೊನ್ನೆ ಅವಳು ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದು ನೋಡಿ, ಆಮೇಲೆ ಒಳಗೆ ಬಂದಳು.