ವಿರಳ ರೋಗ ಮತ್ತು ಒಬ್ಬ ವೈದ್ಯನ ಹಾದಿ

ವಿರಳ ರೋಗವೆಂಬುದು ನಮಗೆ ಸಂಬಂಧಿಸದ ಸಂಗತಿಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ರೋಗಕ್ಕೂ ತುತ್ತಾದವರು ಅತ್ಯಲ್ಪ, ನಿಜ. ಆದರೆ ಇಂತಹ ರೋಗಗಳೇ ಸಾವಿರಾರು ಇವೆ. ಅವುಗಳಲ್ಲಿ ಬಹುಪಾಲಿಗೆ ಅಂಗೀಕೃತ ಔಷಧಿಯೇ ಇಲ್ಲ. ಹೀಗಿರುವಾಗ, ರೋಗವನ್ನು ದೇಹದಲ್ಲಿಯೇ ಹೊತ್ತು ಬಾಳುವವರ ಅರಿವನ್ನು ವೈದ್ಯಶಾಸ್ತ್ರವು ಸಾಕಷ್ಟು ಬಳಸಿಕೊಂಡಿಲ್ಲವೆಂಬುದು ನಮ್ಮ ಅಭಿಪ್ರಾಯ. ಅಮೆರಿಕದ ವೈದ್ಯ ಡೇವಿಡ್ ಫೇಗನ್‌ಬಾಮ್ ಅವರ ಜೀವನವು ಇದಕ್ಕೊಂದು ನಿದರ್ಶನ.

2010ರಲ್ಲಿ ಅವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷದ ವೈದ್ಯ ವಿದ್ಯಾರ್ಥಿ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡಿದ ಸದೃಢ ಯುವಕ. ಕೆಲವೇ ವಾರಗಳಲ್ಲಿ ಯಕೃತ್ತು, ಮೂತ್ರಪಿಂಡ, ಅಸ್ಥಿಮಜ್ಜೆಗಳು ಒಂದರ ಹಿಂದೊಂದು ಸೋತವು. ಪಾದ್ರಿಯೊಬ್ಬರು ಅಂತಿಮ ಪ್ರಾರ್ಥನೆಯನ್ನೂ ಸಲ್ಲಿಸಿದರು. ಕೊನೆಗೆ ತಿಳಿದುಬಂದದ್ದು ಕ್ಯಾಸಲ್‌ಮನ್ ರೋಗ. ದುಗ್ಧಗ್ರಂಥಿಗಳು ಊದಿಕೊಂಡು, ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಅಂಗಾಂಗಗಳ ಮೇಲೆರಗುವ ವಿಚಿತ್ರ ವ್ಯಾಧಿಯಿದು. ಇಂಟರ್‌ಲ್ಯೂಕಿನ್-6 ಎಂಬ ವಸ್ತುವಿನ ಅತಿಸ್ರಾವವೇ ಇದರ ಮೂಲವೆಂದು ತಜ್ಞರು ನಂಬಿದ್ದರು. ಅದನ್ನು ತಡೆಯುವ ಔಷಧಿಯು ಕೆಲವು ರೋಗಿಗಳಿಗೆ ಫಲ ಕೊಟ್ಟಿತು, ಇವರಿಗೆ ಕೊಡಲಿಲ್ಲ. ತೀವ್ರ ಕೀಮೋಥೆರಪಿಯಿಂದ ಜೀವವುಳಿದರೂ ರೋಗವು ಮತ್ತೆ ಮತ್ತೆ ಮರುಕಳಿಸಿತು.

2012ರಲ್ಲಿ ಅವರು ಚದುರಿಹೋಗಿದ್ದ ಸಂಶೋಧಕರನ್ನೂ ರೋಗಿಗಳನ್ನೂ ಒಂದುಗೂಡಿಸುವ ಜಾಲವೊಂದನ್ನು ಕಟ್ಟಿದರು. ಅನಂತರ ತಮ್ಮದೇ ರಕ್ತದ ಮಾದರಿಗಳನ್ನೂ ಹಳೆಯ ವರದಿಗಳನ್ನೂ ಹರಡಿಕೊಂಡು ಕುಳಿತರು. ಜೀವಕೋಶಗಳೊಳಗಿನ ಎಂಟಾರ್ ಎಂಬ ಸಂಕೇತಮಾರ್ಗವು ಮಿತಿಮೀರಿ ಕ್ರಿಯಾಶೀಲವಾಗಿರುವುದು ಅವರ ಗಮನಕ್ಕೆ ಬಂದಿತು. ಅದನ್ನು ತಗ್ಗಿಸುವ ಸಿರೋಲಿಮಸ್, ಕಸಿಮಾಡಿದ ಮೂತ್ರಪಿಂಡವನ್ನು ದೇಹವು ತಿರಸ್ಕರಿಸದಿರಲೆಂದು 1999ರಲ್ಲಿಯೇ ಅಂಗೀಕೃತವಾಗಿತ್ತು. (ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಾಣುವೊಂದರಿಂದ ದೊರೆತ ಔಷಧಿಯದು, ಮದ್ದು ಎಲ್ಲೆಲ್ಲಿ ಅಡಗಿರುತ್ತದೆಯೋ!) 2014ರಲ್ಲಿ ಅದನ್ನು ಸೇವಿಸತೊಡಗಿದ ಮೇಲೆ ರೋಗವು ಹತೋಟಿಗೆ ಬಂದಿತು. ಅಷ್ಟು ವರ್ಷ ಆ ಮಾತ್ರೆ ಔಷಧಾಲಯದಲ್ಲಿಯೇ ಇತ್ತೆಂಬುದನ್ನು ನಾವು ಮರೆಯಲಾಗದು.

ಒಬ್ಬರಿಗೆ ಗುಣವಾದದ್ದು ಎಲ್ಲರಿಗೂ ಆಗುವುದೆಂದು ನಾವು ಹೇಳುತ್ತಿಲ್ಲ. ಸಿರೋಲಿಮಸ್ ಈ ರೋಗದ ಎಲ್ಲರಿಗೂ ಫಲಿಸಿಲ್ಲ. ಅದು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವುದರಿಂದ ವೈದ್ಯರ ನಿಗಾ ಇಲ್ಲದೆ ಸೇವಿಸುವುದು ಅಪಾಯಕರ. ನಮ್ಮ ಪ್ರಶ್ನೆ ಬೇರೆ: ಹಳೆಯ ಔಷಧಿಗಳಲ್ಲಿ ಹೊಸ ಉಪಯೋಗವನ್ನು ಹುಡುಕುವವರು ಯಾರು? ಪೇಟೆಂಟ್ ಮುಗಿದ ಅಗ್ಗದ ಮದ್ದಿನಲ್ಲಿ ಕಂಪನಿಗಳಿಗೆ ಲಾಭವಿಲ್ಲ. ಫೇಗನ್‌ಬಾಮ್ ಅವರು 2022ರಲ್ಲಿ ಸಹವರ್ತಿಗಳೊಂದಿಗೆ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿ ಈ ಶೋಧಕ್ಕೆ ಗಣಕಯಂತ್ರದ ನೆರವು ಪಡೆಯುತ್ತಿರುವುದು ಇದೇ ಕಾರಣಕ್ಕೆ. ಸಾರ್ವಜನಿಕ ಹಣದಿಂದ ನಡೆಯಬೇಕಾದ ಕೆಲಸವಿದು.

ನಮ್ಮ ದೇಶದಲ್ಲಿ 2021ರ ರಾಷ್ಟ್ರೀಯ ವಿರಳ ರೋಗ ನೀತಿಯಿದೆ; ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಚಿಕಿತ್ಸೆಗೆ 50 ಲಕ್ಷ ರೂಪಾಯಿಯವರೆಗೆ ನೆರವುಂಟು. ಬೆಂಗಳೂರಿನಲ್ಲಿಯೂ ಅಂತಹ ಕೇಂದ್ರವಿದೆ. ಆದರೆ ರೋಗದ ಹೆಸರು ತಿಳಿದವರಿಗೆ ಮಾತ್ರ ಆ ಬಾಗಿಲು ತೆರೆಯುತ್ತದೆ. ಹೆಸರೇ ತಿಳಿಯದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಕುಟುಂಬಗಳು ಹಳೆಯ ವರದಿಗಳಲ್ಲಿ ಒಂದನ್ನೂ ಎಸೆಯದೆ, ಯಾವ ಲಕ್ಷಣ ಯಾವಾಗ ಕಾಣಿಸಿತೆಂದು ದಿನಾಂಕಸಹಿತ ಬರೆದಿಟ್ಟು, ವೈದ್ಯರ ಮುಂದಿರಿಸಬೇಕು. ವೈದ್ಯರು ಅದನ್ನು ಬದಿಗೆ ಸರಿಸದೆ ಓದಬೇಕು.